ಒಂದು ಕೆಂಪು, ಒಂದು ಬಿಳಿ, ಅವಳ ಮೂಗು

ದುಬಾರಿ ವೈನ್ ಆರಿಸಲು ಮೂಗು ಬೇಕಿಲ್ಲ, ಜೇಬು ಸಾಕು. ಸಾಧಾರಣ ಬೆಲೆಯ ಸೀಸೆಗಳ ಸಾಲಿನಲ್ಲಿ ಒಂದು ಒಳ್ಳೆಯ ಕೆಂಪು, ಒಂದು ಒಳ್ಳೆಯ ಬಿಳಿ ಹುಡುಕಬೇಕಾದರೆ ಮಾತ್ರ ಮೂಗು ಬೇಕೇ ಬೇಕು. ನನ್ನ ಮೂಗು ಸತ್ತು ಮೂರು ವರ್ಷವಾಯಿತು. ಆ ಕೆಲಸವನ್ನು ನಾನು ಈಗಲೂ ಮಾಡುತ್ತಿದ್ದೇನೆ.

ಮಲಯಾಳ ಸೀಮೆಯ ಕಾಟ್ಟಿಕುಳಂ ಹತ್ತಿರದ ಒಂದು ರೆಸಾರ್ಟಿನಲ್ಲಿ ಊಟದ ವಿಭಾಗದ ಉಸ್ತುವಾರಿ ನನ್ನದು. ಪ್ರವಾಸಿಗರ ಕಾಲ ಶುರುವಾಗುವ ಮೊದಲು ಮಾಲೀಕರು ಪ್ರತಿ ವರ್ಷ ಒಂದೇ ಮಾತು ಹೇಳುತ್ತಾರೆ: ಬಂದವರ ಜೇಬು ಸುಡಬಾರದು, ಬಾಯಿಯೂ ಕೆಡಬಾರದು. ಕಂಪನಿಯವರು ಮಾದರಿ ಸೀಸೆಗಳನ್ನು ಇಟ್ಟು ಹೋಗುತ್ತಾರೆ. ಸೀಸೆಯ ತೂಕಕ್ಕೂ ಚೀಟಿಯ ಚಿತ್ರಕ್ಕೂ ಮರುಳಾಗಬಾರದು ಎಂಬುದು ನಾನು ಮೊದಲು ಕಲಿತ ಪಾಠ. ಬಿಳಿಯದು ಹೊಸದಾದಷ್ಟೂ ಒಳ್ಳೆಯದು, ಕೆಂಪಿಗೆ ಒಂದೆರಡು ವರ್ಷವಾಗಿದ್ದರೆ ಚಿಂತೆಯಿಲ್ಲ. ಬಿಸಿಲಿಗೆ ನಿಂತ ಸೀಸೆ ಪುಕ್ಕಟೆ ಕೊಟ್ಟರೂ ಬೇಡ. ಬಿಳಿ ವೈನನ್ನು ಮಂಜುಗಡ್ಡೆಯಲ್ಲಿಟ್ಟು ಕುಡಿಸಿ ಹೊಗಳುವವನನ್ನು ನಂಬಬಾರದು. ತಣ್ಣಗಿದ್ದರೆ ಎಂಥ ಕಳಪೆಯೂ ಸಾಧುವಾಗಿಬಿಡುತ್ತದೆ. ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ಉಳಿದದ್ದೆಲ್ಲ ಮೂಗಿನ ಕೆಲಸ.

ಆ ಮೂಗನ್ನು ನನಗೆ ಕೊಟ್ಟದ್ದು ವೈನ್ ಅಲ್ಲ, ಭತ್ತ. ನಮ್ಮೂರಾದ ಕೊಳವಳ್ಳಿಯಲ್ಲಿ ನಮ್ಮದು ಗಂಧಕಸಾಲೆ ಎಂಬ ಪರಿಮಳದ ಭತ್ತ ಬೆಳೆಯುವ ಗದ್ದೆ. ಒಂದು ಮನೆಯಲ್ಲಿ ಆ ಅಕ್ಕಿ ಬೆಂದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಬೇರೆ ಭತ್ತ ಬೆರೆತಿದ್ದರೆ ಅವ್ವ ಒಂದು ಹಿಡಿಯನ್ನು ಅಂಗೈಯಲ್ಲಿ ಉಜ್ಜಿ, ಮೂಸಿ ಹೇಳಿಬಿಡುತ್ತಿದ್ದಳು. ಪಕ್ಕದಲ್ಲಿ ನಿಂತು ನಾನೂ ಮೂಸುತ್ತಿದ್ದೆ. ಅದೇ ನನ್ನ ಪದವಿ.

ಮೂರು ವರ್ಷದ ಹಿಂದೆ ಒಂದು ಜ್ವರ ಬಂತು. ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಬೆಳಗಿನ ಕಾಫಿ ಬಿಸಿನೀರಾಯಿತು. ಮಾನಂದವಾಡಿಯ ಡಾಕ್ಟರು "ಬಂದರೂ ಬರಬಹುದು" ಎಂದು ಮೂಗಿಗೆ ತುಪ್ಪ ಸವರಿ ಕಳಿಸಿದರು. ಆ ತುಪ್ಪದ ವಾಸನೆಯಾದರೂ ಬರಬೇಡವೇ? ಮಾಲೀಕರಿಗೆ ನಾನು ಹೇಳಲಿಲ್ಲ. ಐವತ್ತು ದಾಟಿದವನನ್ನು ಮೂಗಿಲ್ಲದೆ ಯಾರು ಇಟ್ಟುಕೊಳ್ಳುತ್ತಾರೆ? ಹೇಡಿತನ ಅನ್ನಿ, ಒಪ್ಪುತ್ತೇನೆ.

ನಾಲಿಗೆಗೆ ಹುಳಿ, ಸಿಹಿ, ಒಗರು ಇನ್ನೂ ತಿಳಿಯುತ್ತಿತ್ತು. ವಾಸನೆಗೆ ಹೆಂಡತಿಯ ಮೊರೆ ಹೋದೆ. ಔಷಧದ ಸಣ್ಣ ಬಾಟಲಿಗಳಲ್ಲಿ ಒಂದಿಷ್ಟು ಒಂದಿಷ್ಟು ತುಂಬಿಕೊಂಡು, ಬಸ್ಸು ಬದಲಿಸಿ, ವಾರಕ್ಕೊಮ್ಮೆ ಮನೆಗೆ ತರುತ್ತಿದ್ದೆ. ನಮ್ಮ ಮನೆಯಲ್ಲಿ ಯಾರೂ ಕುಡಿದವರಲ್ಲ. ಅವಳಿಗೆ ವೈನ್ ಎಂದರೆ ಪಕ್ಕದ ಮನೆಯ ಮಲಯಾಳಿ ಅಕ್ಕ, ನಮ್ಮೆಲ್ಲರ ಚೇಟತ್ತಿ, ಕ್ರಿಸ್‌ಮಸ್ಸಿಗೆಂದು ದ್ರಾಕ್ಷಿ, ಸಕ್ಕರೆ ಹಾಕಿ ಭರಣಿಯ ಬಾಯಿ ಕಟ್ಟಿ ಇಟ್ಟು, ಒಂದು ಲೋಟ ಬೇಲಿಯ ಮೇಲಿಂದ ಕೊಡುವ ಪಾನಕ. ಮೊದಲ ಸಲ ಒಗರು ಕೆಂಪನ್ನು ಮೂಸಿ, ತುಟಿಗೆ ಸೋಕಿಸಿ ಮುಖ ಕಿವುಚಿದಳು.

"ಇದು ಕೆಟ್ಟೋಗದೆ ಕಣ್ರಿ. ಚೇಟತ್ತಿ ವೈನು ಎಷ್ಟು ಸೀ ಇರ್ತದೆ! ಇದ ಕೊಟ್ರೆ ಬಂದೋರು ನಿಮ್ಗೆ ಬಯ್ಯಕಿಲ್ವಾ?"

ಅವಳ ಮಾತು ಕೇಳಿ ಆ ವರ್ಷ ಸಿಹಿಯಾದ ಒಂದನ್ನು ಪಟ್ಟಿಗೆ ಹಾಕಿದೆ. ಅತಿಥಿಗಳು ಒಂದೇ ಗುಟುಕಿಗೆ ಲೋಟ ಬದಿಗೆ ಸರಿಸಿದರು. ಒಗರು ಎಂದರೆ ಕೆಟ್ಟದ್ದಲ್ಲ, ನೀನು ವಾಸನೆಯನ್ನಷ್ಟೇ ಹೇಳು ಎಂದು ಅವಳಿಗೆ ತಿಳಿಸಿ ಹೇಳಿದೆ. ಅಲ್ಲಿಂದ ಅವಳು ತಪ್ಪಲಿಲ್ಲ. ಒಂದು ಕೆಂಪಿಗೆ "ನೇರಳೆ ಹಣ್ಣು ಉದುರಿದ ಜಾಗ" ಎಂದಳು. ಒಂದು ಬಿಳಿಗೆ "ಬಬ್ಲೂಸ್ ಸಿಪ್ಪೆ ಸುಲ್ದಂಗೆ" ಎಂದಳು; ಚಕ್ಕೋತವೇ ನಮ್ಮ ಕಡೆ ಬಬ್ಲೂಸ್. ಅವೆರಡನ್ನೂ ಆರಿಸಿದೆ. ಇನ್ನೊಂದನ್ನು ಹತ್ತಿರ ಹಿಡಿದವಳೇ "ಥೂ, ಒದ್ದೆ ಗೋಣಿಚೀಲ" ಎಂದಳು. ಬಿರಡೆ ಕೆಟ್ಟ ಸೀಸೆಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಕೇಳಿಲ್ಲ. ಮಾಲೀಕರು ಎಲ್ಲರೆದುರು ನನ್ನ ಮೂಗನ್ನು ಹೊಗಳಿದರು. ನಾಚಿಕೆಯಿಂದ ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಎಂದುಕೊಂಡರು.

ಮನೆಗೆ ಬಂದಾಗಲೆಲ್ಲ ಒಂದು ಹಿಡಿ ಗಂಧಕಸಾಲೆಯನ್ನು ಉಜ್ಜಿ ಮೂಸುತ್ತಿದ್ದೆ. ಏನೂ ಇಲ್ಲ. "ಹೊಸ ಅಕ್ಕಿ ಬರ್ಲಿ, ಅದ್ರ ಮಣ ಜೋರು, ಬಂದೇ ಬತ್ತದೆ" ಎನ್ನುತ್ತಿದ್ದಳು. ವಾಸನೆಗೆ ನಮ್ಮ ಕಡೆ ಮಲಯಾಳದ ಮಣವೇ ಬಾಯಿಗೆ ಬರುವುದು. ಮೊದಲ ಸುಗ್ಗಿ ಹೋಯಿತು, ಎರಡನೆಯದೂ ಹೋಯಿತು. ನನಗೆ ಆಸೆ ಬತ್ತಿದರೂ ಅವಳು ಆಡುವ ಆ ಮಾತಿಗಾಗಿಯೇ ಅಕ್ಕಿಯನ್ನು ಮೂಸುತ್ತಿದ್ದೆ.

ಈ ವರ್ಷ ಹೊಸ ಅಕ್ಕಿ ಬೆಂದದ್ದು ಒಂದು ಭಾನುವಾರ ಮಧ್ಯಾಹ್ನ. ತಪ್ಪಲೆಯ ಮುಚ್ಚಳ ತೆಗೆಸಿ ಅದರೊಳಗೆ ಮುಖವಿಟ್ಟೆ. ಹಬೆ ಬಿಸಿಯಾಗಿತ್ತು, ಅಷ್ಟೇ. ತಲೆ ಎತ್ತಿದಾಗ ಅವಳು ನನ್ನನ್ನೇ ನೋಡುತ್ತಿದ್ದಳು.

"ಈ ಸಲ ಮಣಾನೇ ಇಲ್ಲ ಕಣ್ರಿ. ಮಳೆ ಜಾಸ್ತಿ ಆಗಿ ಎಲ್ಲ ತೊಳ್ದೋಗದೆ. ನಂಗೂ ಏನೂ ಬತ್ತಿಲ್ಲ" ಎಂದಳು.

ನನಗೆ ಎಷ್ಟು ಹಗುರವಾಯಿತೆಂದರೆ, ಬೆಳೆ ಹಾಳಾದದ್ದಕ್ಕೆ ಖುಷಿಪಟ್ಟ ಮೊದಲ ಬೇಸಾಯಗಾರ ನಾನೇ ಇರಬೇಕು. ಊಟಕ್ಕೆ ಕುಳಿತೆ. ಎರಡು ತುತ್ತು ಉಂಡಿದ್ದೆ. ಚರ್ಚಿನಿಂದ ಮರಳುತ್ತಿದ್ದ ಚೇಟತ್ತಿ ಬೇಲಿಯ ಆಚೆ ನಿಂತು ಕೂಗಿದರು.

"ಎಂದೊರು ಮಣಮಾ, ಎಂಥಾ ಮಣ! ರೋಡಿನ ತನಕ ಬತ್ತದಲ್ಲಾ! ಹೊಸ ಅಕ್ಕಿಯಾ?"

ಹೆಂಡತಿ ಸೌಟನ್ನು ಅನ್ನದಲ್ಲೇ ಬಿಟ್ಟು ಒಳಗೆ ಹೋದಳು. ಮಣ ಇಲ್ಲವೆಂದು ಸುಳ್ಳು ಹೇಳಿದ್ದು ನನ್ನ ಮೇಲಿನ ಕರುಣೆಯಿಂದ ಎಂದು ನನಗೆ ಗೊತ್ತು. ಆದರೆ ಬಂದೇ ಬತ್ತದೆ ಎನ್ನುತ್ತಿದ್ದವಳು ಅದನ್ನು ಹೇಳುವುದನ್ನು ಬಿಟ್ಟಿದ್ದಳು. ನನ್ನ ಮೂಗಿಗಾಗಿ ಇನ್ನು ಕಾಯುವವರು ಯಾರೂ ಇರಲಿಲ್ಲ.

ಚೇಟತ್ತಿಗೆ ಹೌದೆಂದು ನಾನೇ ಕೂಗಿ ಹೇಳಿದೆ. ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡೆ.

ಕೈ ತೊಳೆದ ಮೇಲೆ ಚೀಲದಿಂದ ಬಾಟಲಿಗಳನ್ನು ತೆಗೆದಿಟ್ಟೆ. ಮರುದಿನ ಪಟ್ಟಿ ಕೊಡಬೇಕಿತ್ತು. ಅವಳು ಬಂದು ಕುಳಿತಳು. ಕಣ್ಣು ಕೆಂಪಾಗಿತ್ತು. ಬಿಳಿಯದನ್ನು ಮೂಸಿದಳು, ಕೆಂಪನ್ನು ಮೂಸಿದಳು. ನೇರಳೆ ಎನ್ನಲಿಲ್ಲ, ಗೋಣಿಚೀಲ ಎನ್ನಲಿಲ್ಲ.

"ಎರಡೂ ಚೆನ್ನಾಗವೆ" ಎಂದಳು.

ಅವಳ ಮುಖ ನೋಡಿದೆ. ಈ ಮೂರು ವರ್ಷದಲ್ಲಿ ಮೊದಲ ಸಲ, ಅವಳ ಮಾತನ್ನು ನಂಬಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಪೆನ್ನು ತೆಗೆದು ಎರಡನ್ನೂ ಬರೆದುಕೊಂಡೆ.