ಗುಂಡಿ ಒಂದೇ ಬಾಕಿ

ನನ್ನ ಚಿಕ್ಕಮ್ಮ ಟೈಲರ್. ಹೊಲಿಗೆಯಲ್ಲಿ ಎತ್ತಿದ ಕೈ, ಮಾತು ಉಳಿಸಿಕೊಳ್ಳುವುದರಲ್ಲಿ ಮಾತ್ರ ದೊಡ್ಡ ಸೊನ್ನೆ. ಇಪ್ಪತ್ತೆರಡು ವರ್ಷಗಳಿಂದ ಬಂದವರಿಗೆಲ್ಲ ಒಂದೇ ಉತ್ತರ: "ನಾಳೆ ಬನ್ನಿ, ಗುಂಡಿ ಒಂದೇ ಬಾಕಿ." ಎಷ್ಟೋ ಸಲ ಆ ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿರುವುದಿಲ್ಲ. ನನ್ನದೇ ಒಂದು ಅಂಗಿ ಎಂಟು ತಿಂಗಳಿಂದ ಆ ಗುಂಡಿಗಾಗಿ ಕಾಯುತ್ತಿತ್ತು.

ಒಂದೇ ಮಾತನ್ನು ದಿನಕ್ಕೆ ಮೂವತ್ತು ಸಲ ಹೇಳಿ ಬಾಯಿ ನೋಯುತ್ತದೆ ಎಂದು ಆಕೆ ಐವತ್ತೊಂದನೇ ವಯಸ್ಸಿನಲ್ಲಿ ಪ್ರೋಗ್ರಾಮಿಂಗ್ ಕಲಿಯಲು ಹೊರಟಳು. ಗ್ರಂಥಾಲಯದ ಮಹಡಿಯಲ್ಲಿ ಶನಿವಾರದ ತರಗತಿ. ಪರದೆಯ ಮೇಲೆ ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಚಿತ್ರದ ಗೊಂಬೆ ಹೇಳಿದಂತೆ ಕೇಳುತ್ತದೆ. ತುಂಡು ಜೋಡಿಸುವುದನ್ನು ಚಿಕ್ಕಮ್ಮನಿಗೆ ಯಾರು ಹೇಳಿಕೊಡಬೇಕು? ಮೂರೇ ವಾರದಲ್ಲಿ ಗೊಂಬೆ ಸಿದ್ಧ. ಮುಟ್ಟಿದರೆ ಕಣ್ಣು ಮಿಟುಕಿಸಿ, ಚಿಕ್ಕಮ್ಮನದೇ ದನಿಯಲ್ಲಿ "ನಾಳೆ ಬನ್ನಿ, ಗುಂಡಿ ಒಂದೇ ಬಾಕಿ" ಎನ್ನುತ್ತಿತ್ತು.

ಪಾಠ ಹೇಳುವ ಹುಡುಗಿ ಅದನ್ನು ಮುಟ್ಟಿ ನೋಡಿ ಹುಬ್ಬೇರಿಸಿದಳು. "ಆಂಟಿ, ಬಟ್ಟೆ ರೆಡಿ ಇಲ್ದಿದ್ರೆ ಇದು ಸರಿ. ರೆಡಿ ಇದ್ರೆ? ಅದಕ್ಕೊಂದು ಷರತ್ತು ಹಾಕ್ಬೇಕಲ್ವಾ? ಇದ್ರೆ ಒಂದು ಉತ್ತರ, ಇಲ್ದಿದ್ರೆ ಇನ್ನೊಂದು."

"ಅಂಥ ಪರಿಸ್ಥಿತಿ ನಮ್ಮಂಗಡೀಲಿ ಬರಲ್ಲ ಕಣಮ್ಮ," ಎಂದಳು ಚಿಕ್ಕಮ್ಮ.

ಗೊಂಬೆ ಒಂದು ಹಳೆಯ ಟ್ಯಾಬ್ಲೆಟ್ಟಿನ ಪರದೆಯೇರಿ ಅಂಗಡಿಯ ಕೌಂಟರ್ ಮೇಲೆ ಬಂದು ಕೂತಿತು. ಜಗಳಕ್ಕೆ ಬಂದವರೂ ಎರಡು ಸಲ ಮುಟ್ಟಿ ನಕ್ಕು ಹೋಗುತ್ತಿದ್ದರು. ನಗದವರು ಒಬ್ಬರೇ, ಆಸ್ಪತ್ರೆಯ ಹೆಡ್ ನರ್ಸ್. ಅಂಗಡಿ ತೆರೆದ ದಿನ ಮೊದಲ ಬಟ್ಟೆ ಕೊಟ್ಟವರು, ಚಿಕ್ಕಮ್ಮನಿಗೆ ಒಡಹುಟ್ಟಿದ ಅಕ್ಕನಿಗಿಂತ ಹೆಚ್ಚು. ಶುಕ್ರವಾರ ಸಂಜೆ ಅವರ ನಿವೃತ್ತಿಯ ಬೀಳ್ಕೊಡುಗೆ, ಅದಕ್ಕೆ ತೊಡಲು ಕೋಟು ಹೊಲಿಯಲು ಕೊಟ್ಟಿದ್ದರು.

"ನಾಲ್ಕು ಗಂಟೆಗೆ ಕೋಟು ಕೈಗೆ ಸಿಗ್ಲಿಲ್ಲ ಅಂದ್ರೆ ನಿನ್ನ ಅಂಗಡಿ ಮೆಟ್ಟಿಲು ಇನ್ನು ತುಳಿಯಲ್ಲ, ನೋಡ್ಕೋ," ಎಂದು ಹೇಳಿ ಹೋದರು.

ಚಿಕ್ಕಮ್ಮ ಹೆದರಿದಳು. ನಿಜವಾಗಿಯೂ ಹೆದರಿದಳು. ಮೂರು ದಿನ ಬೇರೆ ಯಾರ ಬಟ್ಟೆಯನ್ನೂ ಮುಟ್ಟಲಿಲ್ಲ. ಶುಕ್ರವಾರ ನಾಲ್ಕಕ್ಕೆ ಐದು ನಿಮಿಷ ಇರುವಾಗ ಒಳಕೋಣೆಯಲ್ಲಿ ನಾನು ಕೋಟಿನ ತೋಳು ಹಿಡಿದಿದ್ದೆ, ಆಕೆ ಇಸ್ತ್ರಿ ಹಾಕುತ್ತಿದ್ದಳು. ಆರೂ ಗುಂಡಿಗಳು ತಮ್ಮ ತಮ್ಮ ಜಾಗದಲ್ಲಿದ್ದವು. ಆಗ ಹೊರಗಿನಿಂದ ಚಿಕ್ಕಮ್ಮನ ದನಿ ಕೇಳಿಸಿತು: "ನಾಳೆ ಬನ್ನಿ, ಗುಂಡಿ ಒಂದೇ ಬಾಕಿ!"

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಹೊರಬಾಗಿಲು ಧಡಾರನೆ ಬಡಿದುಕೊಂಡಿತು.

ಚಿಕ್ಕಮ್ಮ ಬರಿಗಾಲಲ್ಲಿ, ಕೊರಳಲ್ಲಿ ಅಳತೆ ಟೇಪು ಹಾರಾಡುತ್ತಿರಲು, ಬಿಸಿಬಿಸಿ ಕೋಟನ್ನು ಎತ್ತಿಕೊಂಡು ಬೀದಿಯುದ್ದಕ್ಕೂ ಓಡಿದಳು. ಹಿಂದೆ ನಾನು. ನರ್ಸಮ್ಮ ಬಸ್ ನಿಲ್ದಾಣದಲ್ಲಿ ಸಿಕ್ಕರು.

"ಅಕ್ಕಾ, ಕೋಟು ರೆಡಿ! ಆ ಹಾಳು ಗೊಂಬೆ ಸುಳ್ಳು ಹೇಳ್ತು!"

ನರ್ಸಮ್ಮ ಆರು ಗುಂಡಿಗಳನ್ನೂ ಒಂದೊಂದಾಗಿ ಎಳೆದು ನೋಡಿದರು. ಕಣ್ಣು ಒದ್ದೆಯಾಗಿತ್ತು, ತುಟಿ ಮಾತ್ರ ಬಿಗಿ. "ಅದಕ್ಕೆ ಸುಳ್ಳು ಕಲಿಸಿದವರು ಯಾರೇ?"

ಚಿಕ್ಕಮ್ಮ ಕೋಟನ್ನು ಅವರ ಹೆಗಲಿಗೆ ತೊಡಿಸಿ ಕಾಲರ್ ನೇರ ಮಾಡಿದಳು. ಮರುದಿನ ತರಗತಿಗೆ ಎಲ್ಲರಿಗಿಂತ ಮೊದಲು ಹೋಗಿ, "ಆ ಷರತ್ತು ಹಾಕೋದು ತೋರಿಸಮ್ಮ," ಎಂದು ಕೇಳಿದಳಂತೆ.

ಈಗ ಬಟ್ಟೆ ಕೊಟ್ಟಾಗ ಸಿಕ್ಕ ಚೀಟಿಯ ನಂಬರ್ ಒತ್ತಿದರೆ ಗೊಂಬೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ನಿನ್ನೆ ನನ್ನ ಅಂಗಿಯ ನಂಬರ್ ಒತ್ತಿದೆ.

"ಇನ್ನೂ ಕತ್ತರಿಸೇ ಇಲ್ಲ, ತಪ್ಪಾಯ್ತು," ಎಂದಿತು ಗೊಂಬೆ.

ಒಳಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ಇದ್ದಕ್ಕಿದ್ದಂತೆ ಜೋರಾಯಿತು.