ರೊವೆನಾಳ ಎರಡು ಇಂಗ್ಲಿಷ್ ಪರೀಕ್ಷೆಗಳು

ರೊವೆನಾ ಕತಲ್ಬಾಸ್ ನಮ್ಮ ಇಲೋಯ್ಲೋ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷ ನರ್ಸಾಗಿದ್ದಳು. ಹನ್ನೊಂದು ವರ್ಷವೂ ತಾತ್ಕಾಲಿಕ. ಆರು ತಿಂಗಳಿಗೊಮ್ಮೆ ಗುತ್ತಿಗೆ ಮುಗಿಯುವುದು. ಮೇಲಿನವರ ಮರ್ಜಿಯಿದ್ದರೆ ಮತ್ತೆ ಆರು ತಿಂಗಳು. ಕಾಯಿಲೆ ಬಿದ್ದರೆ ಸಂಬಳವಿಲ್ಲ. ಅವಳು ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲೇ ಓದಿದವಳು. ಉತ್ತರ ಗೊತ್ತಿದ್ದರೂ ಕೈಯೆತ್ತದೆ ಪಕ್ಕದವಳಿಗೆ ಪಿಸುಗುಟ್ಟಿ, ಆ ಹುಡುಗಿ ಶಹಭಾಸ್ ಅನ್ನಿಸಿಕೊಳ್ಳುವುದನ್ನು ನೋಡಿ ಸಂತೋಷಪಡುತ್ತಿದ್ದಳು. ನಾನು ನಿವೃತ್ತನಾಗಿ ಮನೆಯ ಜಗಲಿಯಲ್ಲಿ ಇಂಗ್ಲಿಷ್ ಪಾಠ ಹೇಳತೊಡಗಿದ ಮೇಲೆ ಒಂದು ದಿನ ಹುಡುಕಿಕೊಂಡು ಬಂದಳು.

“ಇಂಗ್ಲೆಂಡಿನ ಆಸ್ಪತ್ರೆಯವರು ನನ್ನ ಆರಿಸಿದಾರೆ ಸರ್. ಕಾಯಂ ಕೆಲಸ! ಮುಂದಿನ ಜೂನ್ ತನಕ ಜಾಗ ಇಟ್ಟಿರ್ತಾರಂತೆ. ಇಂಗ್ಲಿಷ್ ಪರೀಕ್ಷೆ ಪಾಸಾದ್ರೆ ಸಾಕು.”

“ಸಾಕು ಅಂತೆ! ಏನು ಸುಲಭವಾಗಿ ಹೇಳ್ತೀಯೇ ಇಂದಾಯ್,” ಎಂದು ನನ್ನ ಹೆಂಡತಿ ಚೆಲೋ ಕಾಫಿ ತಂದಿಟ್ಟಳು. ಊರಿನ ಹೆಣ್ಣುಮಕ್ಕಳಿಗೆಲ್ಲ ಅವಳು ನಾಂಗ್, ಅಂದರೆ ಅಕ್ಕ; ಅವರೆಲ್ಲ ಅವಳಿಗೆ ಮುದ್ದಿನ ಇಂದಾಯ್‌ಗಳೇ.

ಹೊರದೇಶಕ್ಕೆ ಹೋಗುವ ನರ್ಸುಗಳಿಗೆ ಪರೀಕ್ಷೆ ಎರಡು ಬಗೆ. ಒಂದು, ವಿಶ್ವವಿದ್ಯಾಲಯ ಸೇರುವವರಿಗಾಗಿ ಮಾಡಿದ್ದು. ನರ್ಸುಗಳೂ ಅದನ್ನು ಬರೆಯಬಹುದು. ಇನ್ನೊಂದು, ಆಸ್ಪತ್ರೆಯ ಕೆಲಸದವರಿಗೆಂದೇ ಮಾಡಿದ್ದು. ನಮ್ಮವರು ಮೊದಲನೆಯದನ್ನು ಓದುವವರ ಪರೀಕ್ಷೆ ಎಂದೂ ಎರಡನೆಯದನ್ನು ಕೆಲಸದವರ ಪರೀಕ್ಷೆ ಎಂದೂ ಕರೆಯುತ್ತಾರೆ. ಕೆಲಸದವರದಕ್ಕೆ ಶುಲ್ಕ ಹೆಚ್ಚು. ಆದ್ದರಿಂದ ರೊವೆನಾ ಮೊದಲು ಓದುವವರದನ್ನೇ ಬರೆದಳು. ಕೇಳುವುದು, ಓದುವುದು, ಮಾತನಾಡುವುದು ಮೂರರಲ್ಲೂ ದಾಟಿದಳು. ಪ್ರಬಂಧದಲ್ಲಿ ಅರ್ಧ ಅಂಕ ಕಡಿಮೆಯಾಯಿತು. ಮತ್ತೊಮ್ಮೆ ಬರೆದಳು. ಮತ್ತೆ ಅದೇ ಅರ್ಧ ಅಂಕ.

ನಗರದ ಹಳೆಯ ಕಟ್ಟಡಗಳನ್ನು ಕೆಡವಿ ಹೊಸದು ಕಟ್ಟಬೇಕೇ ಬೇಡವೇ, ನಿಮ್ಮ ಅಭಿಪ್ರಾಯ ಬರೆಯಿರಿ ಎಂದು ಕೇಳಿದ್ದರಂತೆ.

“ನೀನೇನು ಬರೆದೆ?” ಎಂದೆ.

“ಅದರಲ್ಲಿ ಯಾರು ವಾಸ ಇದಾರೆ ಅಂತ ಗೊತ್ತಾಗದೆ ಹೇಳೋಕಾಗಲ್ಲ ಅಂತ ಬರೆದೆ ಸರ್.”

“ಅವರಿಗೆ ಬೇಕಾದ್ದು ಹೌದು, ಇಲ್ಲವೇ ಅಲ್ಲ. ಯಾವುದಾದರೂ ಒಂದು ಕಡೆ ನಿಂತು ವಾದ ಮಾಡಬೇಕು.”

“ಗೊತ್ತಿಲ್ಲದ ವಿಷಯಕ್ಕೆ ಹೇಗೆ ವಾದ ಮಾಡೋದು?”

ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಾಗಿ ನಡೆಯುವುದು ಅದೇ.

ಹೀಗೆ ಒಂದು ವರ್ಷಕ್ಕೆ ಹತ್ತಿರ ಕಳೆದುಹೋಗಿ, ಉಳಿದದ್ದು ಕೆಲಸದವರ ಪರೀಕ್ಷೆಯೊಂದೇ. ಅದರಲ್ಲಿ ಬರೆಯಬೇಕಾದದ್ದು ಬೇರೆ ಆಸ್ಪತ್ರೆಗೆ ರೋಗಿಯ ವಿಷಯವಾಗಿ ಪತ್ರ. ಮಾತನಾಡಬೇಕಾದದ್ದು ರೋಗಿಯಂತೆಯೋ ಬಂಧುವಿನಂತೆಯೋ ನಟಿಸುವವರ ಜೊತೆ. “ಇದು ನನ್ನದೇ ಪರೀಕ್ಷೆ ಸರ್, ದಿನಾ ಮಾಡೋದೇ ಇದು!” ಎಂದು ಅವಳು ಹಿಗ್ಗಿದಳು. ಅವಳ ಪತ್ರಗಳು ಸೊಗಸಾಗಿದ್ದವು, ನಾನು ತಿದ್ದಲು ಏನೂ ಇರುತ್ತಿರಲಿಲ್ಲ.

ತೊಂದರೆ ಬಂದದ್ದು ಮಾತಿನಲ್ಲಿ. ಮಾದರಿ ಚೀಟಿಯೊಂದರಲ್ಲಿ ಹೀಗಿತ್ತು: ಚಿಕಿತ್ಸೆ ಮುಗಿಯುವ ಮೊದಲೇ ಮಗಳು ತಂದೆಯನ್ನು ಮನೆಗೆ ಕರೆದೊಯ್ಯಬೇಕೆನ್ನುತ್ತಾಳೆ, ನರ್ಸು ಅವಳ ಮನವೊಲಿಸಬೇಕು. ನಾನು ಮಗಳಾದೆ. “ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ,” ಎಂದು ಇಂಗ್ಲಿಷಿನಲ್ಲಿ ಹಟ ಹಿಡಿದೆ.

ರೊವೆನಾ ಅಷ್ಟೇ ಒಳ್ಳೆಯ ಇಂಗ್ಲಿಷಿನಲ್ಲಿ ಕೇಳಿದಳು: “ಯಾವುದರಲ್ಲಿ ಕರೆದುಕೊಂಡು ಹೋಗುತ್ತೀರಿ? ಜೀಪ್ನಿಯಲ್ಲಿ ಕುಲುಕುತ್ತದೆ, ಯಾರದಾದರೂ ಕಾರು ಸಿಗುತ್ತದೆಯೇ ನೋಡಿ.”

ಚೆಲೋ ಒಳಗಿನಿಂದ ಗೊಳ್ಳೆಂದು ನಕ್ಕಳು. “ಅಯ್ಯೋ ಹುಚ್ಚಿ, ಮುದುಕನ್ನ ಇರಿಸ್ಕೋ ಅಂದ್ರೆ ನೀನೇ ಗಾಡಿ ಹತ್ತಿಸ್ತಿದೀಯಲ್ಲೇ!”

“ಏನಂತ ಇರಿಸ್ಕೊಳ್ಳಲಿ ನಾಂಗ್ ಚೆಲೋ? ಮನೆಗೆ ಹೋಗ್ತೀವಿ ಅಂದ್ರೆ ದುಡ್ಡು ಮುಗೀತು ಅಂತ ಅರ್ಥ. ಇನ್ನೂ ಇರಿ ಅನ್ನೋಕೆ ನಾನ್ಯಾರು? ಬಿಲ್ಲು ನಾನು ಕಟ್ತೀನಾ?”

“ಈ ಮಗಳು ಇಂಗ್ಲೆಂಡಿನವಳಮ್ಮ,” ಎಂದೆ. “ಅಲ್ಲಿ ಬಿಲ್ಲು ಕೊಡಲ್ಲ. ಇವಳಿಗೆ ಆಸ್ಪತ್ರೆ ಅಂದ್ರೆ ಭಯ, ಅಷ್ಟೆ.”

“ಬಿಲ್ಲೇ ಇಲ್ಲದಿದ್ರೆ ಯಾವ ಮಗಳು ಸರ್ ಅಪ್ಪನ್ನ ಅರ್ಧಕ್ಕೆ ಎಬ್ಬಿಸ್ಕೊಂಡು ಹೋಗ್ತಾಳೆ?”

ಆದರೂ ಕಲಿಸಿದೆ. ಮೊದಲು ಕಾರಣ ಕೇಳು, ಭಯವೇನೆಂದು ತಿಳಿ, ಹೋದರೆ ಆಗುವ ಅಪಾಯ ಹೇಳು, ಇನ್ನೆರಡು ದಿನ ಇರಿ ಎಂದು ಒಪ್ಪಿಸು. ಅವಳು ಕಲಿತಳು. ಕೊನೆಕೊನೆಗೆ ನಾನು ಎಂಥ ಹಟಮಾರಿ ಮಗಳಾದರೂ ಸೋತು ಅಪ್ಪನನ್ನು ಬಿಟ್ಟುಹೋಗುವಂತೆ ಮಾತನಾಡುತ್ತಿದ್ದಳು.

ಪರೀಕ್ಷೆ ಬೇರೆ ದ್ವೀಪದ ಸೆಬು ನಗರದಲ್ಲಿ. ಎರಡು ದಿನ ಬಿಡುವು ಕೇಳಿದಾಗ ಮುಖ್ಯ ನರ್ಸು, “ಹೋಗಿ ಬಾ, ಹೋಗಿ ಬಾ. ಹೇಗೂ ಹಾರಿಹೋಗೋ ಹಕ್ಕಿ ನೀನು,” ಎಂದರಂತೆ.

ಅಲ್ಲಿಂದ ಬಂದವಳು ಜಗಲಿಯ ಮೆಟ್ಟಿಲ ಮೇಲೆಯೇ ಕುಳಿತಳು.

“ಅದೇ ಬಂತು ಸರ್. ಅಪ್ಪನ ಬದಲು ಅಮ್ಮ. ಆಪರೇಷನ್ ಆಗಿದೆ, ಇವತ್ತೇ ಮನೆಗೆ ಕರ್ಕೊಂಡು ಹೋಗ್ತೀನಿ ಅಂತಾಳೆ ಮಗಳು.”

“ಹೇಳಿಕೊಟ್ಟದ್ದು ನೆನಪಿತ್ತು ತಾನೇ?”

“ಎಲ್ಲಾ ನೆನಪಿತ್ತು. ಯಾಕೆ ಹೋಗ್ಬೇಕು ಅಂತ ಕೇಳ್ದೆ. ಆಕೆ ತಲೆ ತಗ್ಗಿಸಿ ಬಳೆ ತಿರುಗಿಸ್ತಾ ಕೂತ್ಲು. ನಮ್ಮ ವಾರ್ಡಲ್ಲಿ ದುಡ್ಡಿಲ್ಲ ಅನ್ನೋಕೆ ನಾಚಿಕೆಯಾದೋರು ಹಾಗೇ ಕೂರ್ತಾರೆ ಸರ್. ಅದನ್ನ ನೋಡಿದ್ಮೇಲೆ ಇರಿ ಅನ್ನೋ ಮಾತು ಬರಲೇ ಇಲ್ಲ.”

ಬಂದದ್ದು ಬೇರೆ ಮಾತು. ಕುದಿಸಿ ಆರಿಸಿದ ನೀರಿನಲ್ಲಿ ಗಾಯವನ್ನು ಹೇಗೆ ತೊಳೆಯಬೇಕು, ಯಾವ ಬಟ್ಟೆ ಕಟ್ಟಬೇಕು, ಜ್ವರ ಬಂದರೆ ಏನು ಮಾಡಬೇಕು ಎಂದು ಸಮಯ ಮುಗಿಯುವವರೆಗೂ ಹೇಳಿಕೊಟ್ಟಿದ್ದಾಳೆ. ನಟಿಸುತ್ತಿದ್ದ ಹೆಂಗಸು ಪಾಪ, ದಾರಿ ತೋರಿಸಲೆಂದೇ ಇರಬೇಕು, “ಹಾಗಾದರೆ ನಾವು ಇಲ್ಲೇ ಇರಬೇಕೇನು?” ಎಂದು ಎರಡು ಸಲ ಕೇಳಿದಳಂತೆ. “ನಿಮ್ಮ ಇಷ್ಟ. ಹೋದರೆ ಇಲ್ಲಿ ಯಾರೂ ಕೋಪಿಸಿಕೊಳ್ಳುವುದಿಲ್ಲ,” ಎಂದಿದ್ದಾಳೆ ರೊವೆನಾ.

ಫಲಿತಾಂಶ ಬಂತು. ಪತ್ರಕ್ಕೆ ಒಳ್ಳೆಯ ಅಂಕ, ಓದುವುದಕ್ಕೆ, ಕೇಳುವುದಕ್ಕೆ ಒಳ್ಳೆಯ ಅಂಕ. ಮಾತಿಗೆ ಸಾಲದು. ಕಾರಣ ಬರೆದಿರಲಿಲ್ಲ. ಎರಡು ಪರೀಕ್ಷೆಗಳನ್ನೂ ನಾನು ಬಹಳ ದಿನ ಮನಸ್ಸಿನಲ್ಲಿ ತೂಗಿ ನೋಡಿದೆ. ಓದುವವರದು ಅವಳಿಗಾಗಿ ಮಾಡಿದ್ದಲ್ಲ, ಹಾಗೆಂದು ಹೇಳಿಕೊಂಡೂ ಇರಲಿಲ್ಲ. ಕೆಲಸದವರದು ಅವಳಂಥವರಿಗೆಂದೇ ಮಾಡಿದ್ದು ಎಂದು ಹೇಳಿಕೊಂಡಿತು. ಆದರೆ ಅದು ಅಳೆದದ್ದು ಬಿಲ್ಲು ಕಟ್ಟಬೇಕಿಲ್ಲದ ಆಸ್ಪತ್ರೆಯ ಕೆಲಸವನ್ನು. ಅಂಥ ಆಸ್ಪತ್ರೆಯ ಒಳಗೆ ಅವಳು ಕಾಲಿಟ್ಟವಳೇ ಅಲ್ಲ.

ಮತ್ತೊಮ್ಮೆ ಬರೆಯಲು ದಿನ ಸಿಗುವಷ್ಟರಲ್ಲಿ ಜೂನ್ ಮುಗಿಯಿತು, ಇಂಗ್ಲೆಂಡಿನ ಜಾಗ ಬೇರೊಬ್ಬಳದಾಯಿತು. ಇಲ್ಲಿನ ಗುತ್ತಿಗೆಯೂ ಅದೇ ತಿಂಗಳು ಮುಗಿದಿತ್ತು. “ನೀನು ಹೊರಟೇಹೋದೆ ಅಂದ್ಕೊಂಡು ಬೇರೆ ಹುಡುಗೀನ ಹಾಕ್ಕೊಂಡ್ಬಿಟ್ಟೆ,” ಎಂದರು ಮುಖ್ಯ ನರ್ಸು, ತಲೆಯೆತ್ತದೆ.

ಕಾಲ್ ಸೆಂಟರಿನವರು ಅವಳೊಡನೆ ಅರ್ಧ ಗಂಟೆ ಫೋನಿನಲ್ಲಿ ಮಾತನಾಡಿ, “ಇಂಗ್ಲಿಷ್ ಚೆನ್ನಾಗಿದೆ, ಸೋಮವಾರ ಬನ್ನಿ,” ಎಂದರು. ಅಮೆರಿಕದ ವಿಮೆ ಕಂಪನಿಯೊಂದರ ಕೆಲಸ. ನರ್ಸಿಂಗ್ ಓದಿದವರೇ ಬೇಕಂತೆ. ಆರು ತಿಂಗಳು ಕಳೆದ ಮೇಲೆ ಬಾಳೆಲೆಯಲ್ಲಿ ಬಿಸಿ ಬಿಬಿಂಗ್ಕಾ ಅಕ್ಕಿ ಕೇಕು ಕಟ್ಟಿಸಿಕೊಂಡು ನಮ್ಮ ಮನೆಗೆ ಬಂದಳು.

“ಕಾಯಂ ಆಯ್ತು ಸರ್.”

“ಅಂತೂ ಆಯ್ತಲ್ಲೇ ಇಂದಾಯ್!” ಎಂದು ಚೆಲೋ ಅವಳ ಕೆನ್ನೆ ಹಿಂಡಿದಳು. “ಅಲ್ಲಿ ಏನು ಮಾಡ್ತೀಯ?”

“ರೋಗಿ ಇನ್ನೆರಡು ದಿನ ಆಸ್ಪತ್ರೇಲಿ ಇರ್ಬೇಕು ಅಂತ ಡಾಕ್ಟ್ರು ಬರೀತಾರೆ. ಅದಕ್ಕೆ ಕಂಪನಿ ದುಡ್ಡು ಕೊಡಲ್ಲ ಅಂತ ನಾನು ಮನೆಯವರಿಗೆ ಹೇಳ್ತೀನಿ.”

“ಅವರು?”

“ಅಳ್ತಾರೆ. ಅಳೋವಾಗ ಏನು ಹೇಳ್ಬೇಕು ಅಂತಾನೂ ಬರೆದು ಕೊಟ್ಟಿದಾರೆ.”

ಚೆಲೋ ಕೈಯಲ್ಲಿದ್ದ ತುಂಡನ್ನು ತಟ್ಟೆಯಲ್ಲಿಟ್ಟಳು. “ಮನೇಲಿ ಹೇಗೆ ನೋಡ್ಕೋಬೇಕು ಅಂತಾದ್ರೂ ಹೇಳ್ತೀಯಾ?”

“ಹೇಳೋ ಹಾಗಿಲ್ಲ ನಾಂಗ್. ಒಂದು ಸಲ ಹೇಳಿದ್ದಕ್ಕೆ ಅಂಕ ಕಳೆದ್ರು. ಪ್ರತಿ ಕರೆಗೂ ಅಂಕ ಹಾಕ್ತಾರೆ ಅಲ್ಲಿ.” ಎಲೆಗೆ ಅಂಟಿದ್ದ ತೆಂಗಿನ ತುರಿಯನ್ನು ಬೆರಳಿಂದ ಬಿಡಿಸುತ್ತ ಅವಳು ನನ್ನತ್ತ ನೋಡಿದಳು. “ಈಗ ಹೇಳಲ್ಲ ಸರ್. ಈಗ ಪೂರ್ತಿ ಅಂಕ ಬರುತ್ತೆ.”