ಮಾರ್ಗರೆಟ್ ಅಕ್ಕನ ಕೊನೆಯ ತೆನೆ ಊಟ

ಮಾರ್ಗರೆಟ್ ಅಕ್ಕನನ್ನು ಹೊಗಳುವವರು ದುಬೈಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಆ ಪೈಕಿಯವಳಲ್ಲ. ಅವರು ನನ್ನ ಗಂಡ ಬೆನೆಡಿಕ್ಟ್‌ನ ಅಕ್ಕ. ಶಿರ್ವದಿಂದ ಬಂದು ದೇರಾದ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ದುಡಿದರು. ಮದುವೆಯಾಗಲಿಲ್ಲ. ತಮ್ಮನಿಗೆ ವೀಸಾ ಮಾಡಿಸಿ ಕರೆಸಿಕೊಂಡರು, ಕೆಲಸ ಸಿಗುವವರೆಗೆ ಅನ್ನ ಹಾಕಿದರು. ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ, ಅಷ್ಟನ್ನು ನಾನೂ ಒಪ್ಪುತ್ತೇನೆ.

ಆದರೆ ಹಟ? ಅಬ್ಬಾ. ಸೆಪ್ಟೆಂಬರ್ ಎಂಟರ ತೆನೆ ಹಬ್ಬ ಬಂತೆಂದರೆ ಅವರು ಯಾರ ಮಾತನ್ನೂ ಕೇಳುವವರಲ್ಲ. ಊರಿನಿಂದ ಬರುವವರ ಕೈಯಲ್ಲಿ ಭತ್ತದ ತೆನೆ ತರಿಸಿ, ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸುವರು. ಕಾಳು ಸುಲಿದು ತೆಂಗಿನ ಹಾಲಿಗೆ ಹಾಕಿ, ಮನೆಗೆ ಹಿರಿಯರೆಂದು ತಾವೇ ಒಬ್ಬೊಬ್ಬರಿಗೂ ಒಂದೊಂದು ಚಮಚ ಕೊಡುವರು. ಆಮೇಲೆ ಊಟ. ಪಲ್ಯ, ಪದಾರ್ಥಗಳು ಐದೋ ಏಳೋ ಒಂಬತ್ತೋ ಇರಬೇಕು, ಸಮಸಂಖ್ಯೆ ಆಗದು.

ಹಬ್ಬ ಬದಲಾಗಲೇ ಇಲ್ಲ ಎಂದಲ್ಲ. ಕೆಸುವಿನ ದಂಟಿನ ಜಾಗಕ್ಕೆ ಫ್ರೀಜರಿನ ಬೆಂಡೆ ಬಂತು. ಬಾಳೆಲೆ ಹೋಗಿ ಕಾಗದದ ಪ್ಲೇಟು ಬಂತು. ಒಂಬತ್ತು ಬಗೆ ಏಳಾಯಿತು, ಐದಾಯಿತು. ಮೊದಲು ಶುಕ್ರವಾರಕ್ಕೆ, ವಾರದ ರಜೆ ಬದಲಾದ ಮೇಲೆ ಭಾನುವಾರಕ್ಕೆ ಹಬ್ಬವೇ ಸರಿಯಿತು. ಇಷ್ಟೆಲ್ಲ ಬಿಟ್ಟುಕೊಟ್ಟ ಹೆಂಗಸು ಒಂದನ್ನು ಮಾತ್ರ ಬಿಡಲಿಲ್ಲ. ಆ ದಿನ ಮೀನು, ಮಾಂಸ ಮನೆಯೊಳಗೆ ಬರಕೂಡದು.

ನನ್ನ ಮಗ ರಯಾನ್ ತರಕಾರಿ ಮುಟ್ಟುವುದಿಲ್ಲ. ಪ್ರತಿ ಹಬ್ಬಕ್ಕೂ ಬರೀ ಅನ್ನ, ಉಪ್ಪಿನಕಾಯಿ ತಿಂದು ಮುಖ ಊದಿಸಿಕೊಂಡು ಬರುತ್ತಿದ್ದ. ಹೆತ್ತ ಹೊಟ್ಟೆ ಕೇಳುತ್ತದೆಯೇ? 2023ರಲ್ಲಿ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಮನೆಯಿಂದ ಒಂದು ಡಬ್ಬ ಕೋಳಿ ಸುಕ್ಕ ಒಯ್ದೆ. ಅಲ್ ಮುರಕ್ಕಬಾತಿನ ಅಕ್ಕನ ಫ್ಲ್ಯಾಟಿನಲ್ಲಿ ಮುಚ್ಚಳ ತೆಗೆದದ್ದೇ ತಡ, ಅವರು ಡಬ್ಬವನ್ನು ಎತ್ತಿಕೊಂಡು ಹೋಗಿ ಕೆಳಗಿನ ವಾಚ್‌ಮನ್‌ಗೆ ಕೊಟ್ಟು ಬಂದರು.

"ತೆನೆ ಊಟಕ್ಕೆ ಕೋಳಿ ತರ್ಲಿಕ್ಕೆ ಯಾರು ಹೇಳಿಕೊಟ್ಟದ್ದು? ನಿನ್ನ ತಾಯಿ ಮನೆಯಲ್ಲಿ ಹೀಗೆಯಾ?" ಎಂದರು.

ಎಲ್ಲರ ಎದುರು ಅಮ್ಮನ ಮನೆಯನ್ನು ಎಳೆದದ್ದಕ್ಕೆ ನನಗೆ ಅಳುವೇ ಬಂತು. ಬೆನೆಡಿಕ್ಟ್ ಎದ್ದು ನಿಂತ. "ನಿನಗೆ ಮಗುವಿನ ಹೊಟ್ಟೆಗಿಂತ ನಿನ್ನ ಪದ್ಧತಿ ದೊಡ್ಡದಾ ಅಕ್ಕ? ಖಲಾಸ್, ನಡೀರಿ" ಎಂದ. ತೆನೆಯ ಹಾಲನ್ನು ಮುಟ್ಟದೆ ಹೊರಟು ಬಂದೆವು. ವರ್ಷವಿಡೀ ಅಕ್ಕ ತಮ್ಮನಿಗೆ ಮಾತಿಲ್ಲ.

ಮರುವರ್ಷ ಅಕ್ಕನ ಕೆಲಸ ಮುಗಿಯಿತು. ಸೆಪ್ಟೆಂಬರ್ ಹನ್ನೆರಡಕ್ಕೆ ಊರಿಗೆ ಟಿಕೆಟು, ಇನ್ನು ಬರುವುದಿಲ್ಲ ಎಂಬ ಸುದ್ದಿ ನಮಗೂ ಮುಟ್ಟಿತು. ಬೆನೆಡಿಕ್ಟ್ ಒಳಗೊಳಗೇ ಬೇಯುತ್ತಿದ್ದ. "ಹಬ್ಬಕ್ಕೆ ಒಂದು ಮಾತು ಕರೆದ್ರೆ ಸಾಕು, ಓಡಿ ಹೋಗ್ತೇನೆ. ಕರೆಯದೆ ಹೇಗೆ ಹೋಗುದು?" ಎಂದು ದಿನಕ್ಕೆರಡು ಸಲ ಹೇಳುತ್ತಿದ್ದ.

ಅಕ್ಕ ಕರೆದರು. ಆದರೆ ಕರೆದದ್ದು ನನ್ನನ್ನು. ಊಟಕ್ಕೆ ಮನೆಯ ಹೆಂಗಸನ್ನೇ ಕರೆಯಬೇಕು, ಗಂಡಸಿಗೆ ಹೇಳಿದರೆ ಅದು ಕರೆದ ಹಾಗಲ್ಲ ಎನ್ನುವುದು ಅವರ ಕ್ರಮ.

"ಕ್ಯಾರೊಲಿನ್, ಭಾನುವಾರ ಎಲ್ಲರೂ ಬನ್ನಿ ಆಯ್ತಾ? ರಯಾನಿಗೆ ಬೇಕಾದ್ದು ನಾನೇ ಮಾಡಿ ಇಡ್ತೇನೆ."

ನನಗದು ಚುಚ್ಚುಮಾತಿನ ಹಾಗೆ ಕೇಳಿಸಿತು. ಮತ್ತೊಮ್ಮೆ ನಾಲ್ಕು ಜನರ ಎದುರು ಮರ್ಯಾದೆ ತೆಗೆಯಲಿಕ್ಕೆ ಕರೆಯುತ್ತಿದ್ದಾರೆ ಎಂದುಕೊಂಡೆ. "ನೋಡುವ" ಎಂದು ಫೋನಿಟ್ಟೆ. ಗಂಡನಿಗೆ ಹೇಳಲಿಲ್ಲ. ಅಕ್ಕನೂ ಒಮ್ಮೆ ಕಾದು ನೋಡಲಿ ಅನ್ನಿಸಿತು. ಕೆಟ್ಟ ಬುದ್ಧಿ, ಇನ್ನೇನು ಹೇಳಲಿ.

ಆ ಭಾನುವಾರ ಬೆನೆಡಿಕ್ಟ್ ಬೆಳಿಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಎರಡು ಗಂಟೆಗೆ ನಾನು ಹೋಟೆಲಿನಿಂದ ಬಿರಿಯಾನಿ ತರಿಸಿದೆ. ರಯಾನ್ ಚಪ್ಪರಿಸಿ ತಿಂದ. ಬೆನೆಡಿಕ್ಟ್ ಅಂಗಿ ಬದಲಿಸಿ ಮಲಗಿದ.

ಅಕ್ಕ ಊರಿಗೆ ಹೋದ ಮೇಲೆ, ಅವರ ಫ್ಲ್ಯಾಟಿನಲ್ಲೇ ಇದ್ದ ನರ್ಸ್ ಜೆಸ್ಸಿ ನನಗೆ ಫೋನ್ ಮಾಡಿದಳು. "ಆಂಟಿ ಏಳು ಬಗೆಯ ಜೊತೆ ಕೋಳಿ ಸುಕ್ಕವೂ ಮಾಡಿದ್ರು, ಗೊತ್ತುಂಟಾ? ಹಬ್ಬದ ದಿನ ಆ ಒಲೆಯಲ್ಲಿ ಕೋಳಿ ಬೆಂದದ್ದು ನಾನು ನೋಡಿದ್ದು ಇದೇ ಮೊದಲು. ನಾಲ್ಕು ಗಂಟೆವರೆಗೆ ನಮ್ಮನ್ನು ಯಾರನ್ನೂ ಊಟಕ್ಕೆ ಕೂರ್ಲಿಕ್ಕೆ ಬಿಡ್ಲಿಲ್ಲ. ನೀವು ಯಾಕೆ ಬರ್ಲಿಲ್ಲ?"

ರಯಾನಿಗೆ ಹುಷಾರಿರಲಿಲ್ಲ ಎಂದು ಬಾಯಿಗೆ ಬಂದದ್ದು ಹೇಳಿದೆ.

ಅದೇ ಸಂಜೆ ಬೆನೆಡಿಕ್ಟ್‌ಗೆ ತಡೆಯಲಾಗದೆ ಶಿರ್ವಕ್ಕೆ ಫೋನ್ ಹಚ್ಚಿದ. ಸ್ಪೀಕರಿನಲ್ಲಿತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

"ಕಡೇ ಸಲವೂ ನನ್ನನ್ನು ಕರೀಲಿಲ್ಲ ಅಲ್ವಾ ಅಕ್ಕ?"

ಅಕ್ಕ, "ಕ್ಯಾರೊಲಿನ್ ಅಲ್ಲೇ ಇದ್ದಾಳಾ?" ಎಂದರು.

"ಇದ್ದಾಳೆ."

"ಕರೀಲಿಲ್ಲ ಮಾರಾಯ. ನನಗೆ ಸಿಟ್ಟು ಇಳಿದಿರಲಿಲ್ಲ."

ಬೆನೆಡಿಕ್ಟ್ ಫೋನನ್ನು ಸೋಫಾದ ಮೇಲೆ ಎಸೆದ. ಇನ್ನು ನನಗೆ ಅಕ್ಕ ಇಲ್ಲ ಎಂದ. ಅಂದಿನಿಂದ ಅವರಿಗೆ ಫೋನ್ ಮಾಡಿಲ್ಲ, ಅವರ ಹೆಸರೆತ್ತಿದರೆ ಎದ್ದು ಹೋಗುತ್ತಾನೆ. ಅಕ್ಕ ವಾರಕ್ಕೊಮ್ಮೆ ನನಗೆ ಮಾಡುತ್ತಾರೆ. ಆ ದಿನದ ವಿಷಯ ಒಮ್ಮೆಯೂ ಕೇಳಲಿಲ್ಲ. "ಅವ ಸರಿ ಊಟ ಮಾಡ್ತಾನಾ?" ಎಂದಷ್ಟೇ ಕೇಳುತ್ತಾರೆ. ಮಾಡ್ತಾನೆ ಎನ್ನುತ್ತೇನೆ. ನಡೆದದ್ದನ್ನು ಗಂಡನಿಗೆ ನಾನು ಇನ್ನೂ ಹೇಳಿಲ್ಲ.